ಖರಾಬ್ ಪೆಟ್ರೋಲ್‌ಲಿಂದ ಆಕ್ಸಿಜನ್ ಸೆನ್ಸರ್ ಹೋಗ್ತದೇನ್ರಿ? ಕಲಬುರಗಿ, ಬೀದರ್ ಕಡಿ ಮಂದಿ ಜರಾ ಹೇಳ್ರಿ

ಜೇವರ್ಗಿ_ಕ್ರಾಸ್ (ಕಲಬುರಗಿ)

ನಮಸ್ಕಾರ್ರಿ ಎಲ್ಲಾರ್ಗೂ. ನಂದು 2018ರ ಪೆಟ್ರೋಲ್ ಗಾಡಿ, ಬಿಎಸ್4 (ಸರ್ಕಾರದ ಹೊಗಿ ನಿಯಮ). ಕಂಪನಿ ಹೆಸರು ಬರಿಯಂಗಿಲ್ಲ, ಬರದ್ರ ಎಲ್ಲಾರೂ ಗಾಡಿ ಮ್ಯಾಲೇ ಜಗಳ ಶುರು ಮಾಡ್ತೀರಿ, ನನ್ನ ಪ್ರಶ್ನಿ ಅಲ್ಲೇ ಉಳೀತದ. ಅರವತ್ತು ಸಾವಿರ ಕಿಲೋಮೀಟರ್ ಮ್ಯಾಲೆ ಓಡ್ಯಾದ, ಟೈಮಿಗೆ ಸರ್ವಿಸ್ ಆಗ್ಯಾದ, ಇಷ್ಟ್ ದಿನ ಏನೂ ತಕರಾರ್ ಇರ್ಲಿಲ್ಲ.

ಹೋದ ತಿಂಗಳ ಹುಮನಾಬಾದ್ ಕಡಿಂದ ಬರೋ ಮುಂದ ಹೈವೇ ಬಾಜೂಕ ಒಂದ್ ಪಂಪ್‌ದಾಗ ಟ್ಯಾಂಕ್ ಫುಲ್ ಮಾಡ್ಸಿದೆ, ನಾ ಯಾವತ್ತೂ ಅಲ್ಲಿ ಹಾಕ್ಸಲ್ಲ, ಅವತ್ತ ಸೂಜಿ ಕೆಂಪಿಗೆ ಬಂದಿತ್ತು ಅಂತ ಹಾಕ್ಸಿದೆ. ಅದಾದ್ ಮ್ಯಾಲೆ ಗಾಡಿ ಗಾಡಿ ಥರ ಇಲ್ರಿ. ಜಗತ್ ಸರ್ಕಲ್ ಸಿಗ್ನಲ್‌ದಾಗ ನಿಂತ್ರ ಆರ್‌ಪಿಎಂ ಮ್ಯಾಲ ತಳಗ ಆಗ್ತದ, ಕ್ಲಚ್ ಬಿಡೋ ಮುಂದ ಕೆಮ್ಮಿದಂಗ ಮಾಡ್ತದ, ಹಿಂದ ನಿಂತ್ರ ಕೊಳತ ತತ್ತಿ ವಾಸನಿ, ಮೈಲೇಜ್ ಹದಿನೇಳರ ಆಸುಪಾಸು ಕೊಡ್ತಿದ್ದದ್ದು ಈಗ ಹನ್ನೆರಡು ಹದಿಮೂರಕ್ಕ ಬಂದದ. ಆಮ್ಯಾಲ ಚೆಕ್ ಇಂಜಿನ್ ಲೈಟ್ ಹತ್ತಿತು. ಗ್ಯಾರೇಜ್‌ದಾಗ ಸ್ಕ್ಯಾನರ್ ಹಚ್ಚಿದ್ರ ಪಿ0133 ಅಂತ ಕೋಡ್ ಬಂತು. ಮಿಸ್ತ್ರಿ ನೋಡಿ "ಆಕ್ಸಿಜನ್ ಸೆನ್ಸರ್ ಹೋಗ್ಯಾದ, ಪೆಟ್ರೋಲ್ ಖರಾಬ್ ಅದ, ಈಗ ಎಲ್ಲಾರ್ದೂ ಇದೇ ಕಥಿ" ಅಂದ. ಒರಿಜಿನಲ್ ಸೆನ್ಸರಿಗೆ ಆರು ಸಾವಿರ ಮ್ಯಾಲೆ ಹೇಳ್ಲತ್ತಾನ, ಲೋಕಲ್ ಆದ್ರ ಒಂದೂವರಿ ಸಾವಿರದಾಗ ಕೂಡಸ್ತೀನಿ ಅಂತಾನ.

ನಂಗ ತಿಳೀಲಾರದ್ದು ಏನಂದ್ರ, ಒಂದೇ ಟ್ಯಾಂಕ್ ಪೆಟ್ರೋಲ್‌ಲಿಂದ ಸೆನ್ಸರ್ ಹೋಗೋದು ಆಗೋ ಮಾತೇನು ಇಲ್ಲಾ ಮಿಸ್ತ್ರಿ ಸುಮ್ಕ ಪೆಟ್ರೋಲ್ ಮ್ಯಾಲೆ ಹಾಕ್ಲತ್ತಾನೇನು? ತೊಳದು ಹಾಕಿದ್ರ ನಡೀತದೇನು? ಇ20, ಅಂದ್ರ ನೂರಕ್ಕ ಇಪ್ಪತ್ತು ಪಾಲು ಎಥನಾಲ್ ಬೆರಸಿದ ಪೆಟ್ರೋಲ್, ಬಂದದಲ್ಲ ಅದರ ಕಾರಣಾನೂ ಇರಬಹುದಾ? ಮತ್ತ ಪಂಪ್‌ನವರದೇ ತಪ್ಪು ಅಂತ ಆದ್ರ ಎಲ್ಲಿ ಹೇಳ್ಬೇಕು? ಮಾವನ ಗಾಡೀಗೂ ಅದೇ ಪಂಪ್‌ದಾಗ ಹಾಕ್ಸಿದ್ವಿ, ಆದ್ರ ಅವ್ರದು ಡೀಸೆಲ್, ಅದಕ್ಕೇನೂ ಆಗಿಲ್ಲ, ಅವ್ರು ನನ್ನ ನೋಡಿ ನಗ್ಲತ್ತಾರ.


ನೌಬಾದ್_ಗ್ಯಾರೇಜ್ (ಬೀದರ್)

ಅಣ್ಣಾ, ಪಿ0133 ಅಂದ್ರ ಸೆನ್ಸರ್ ಸತ್ತದ ಅಂತ ಅಲ್ಲ. ಇಂಜಿನ್ ಕಡಿದು ಮೊದಲ್ನೇ ಸೆನ್ಸರ್ ಉತ್ತರ ಕೊಡೋದು ನಿಧಾನ ಆಗ್ಯಾದ ಅಂತ ಅಷ್ಟೇ. ಹೀಟರ್ ಸುಟ್ಟಿದ್ರ ಪಿ0135 ಬರ್ತಿತ್ತು. ನಿಧಾನ ಯಾಕಾಗ್ಯಾದ ಅಂತ ಸೆನ್ಸರ್ ಬಿಚ್ಚಿ ಮುಖ ನೋಡಿದ್ರ ಅರ್ಧ ಗೊತ್ತಾಗ್ತದ. ನಿಮ್ಮ ಮಿಸ್ತ್ರಿ ಬಿಚ್ಚಿ ನೋಡ್ಯಾನೇನು? ನಂಗ ಅನ್ಸೋ ಪ್ರಕಾರ ಇಲ್ಲ, ಸ್ಕ್ಯಾನರ್‌ದಾಗ ಬಂದ ಅಂಕಿ ಓದಿ ಪಾರ್ಟ್ ಬದಲಿ ಮಾಡೋದು ಈಗ ಎಲ್ಲಾ ಕಡಿ ಚಾಲ್ತಿ ಆಗ್ಯಾದ.

ಆ ಸೆನ್ಸರ್ ಒಳಗ ಜಿರ್ಕೋನಿಯಾ ಅಂತ ಒಂದ್ ಸೆರಾಮಿಕ್ ಇರ್ತದ, ಬೆರಳ ತುದಿ ಥರ, ಅದರ ಒಳಗ ಹೊರಗ ಎರಡೂ ಕಡಿ ಪ್ಲಾಟಿನಂ ತೆಳ್ಳಗ ಹಚ್ಚಿರ್ತಾರ. ಹೊರಗಿನ ಬಾಜೂಕ ಸೈಲೆನ್ಸರ್ ಹೊಗಿ ಬಡೀತದ, ಒಳಗಿನ ಬಾಜೂಕ ಹೊರಗಿನ ಗಾಳಿ ಇರ್ತದ. ಎರಡೂ ಕಡಿ ಆಕ್ಸಿಜನ್ ಫರಕ್ ಇದ್ರ ವೋಲ್ಟೇಜ್ ಹುಟ್ತದ. ಪೆಟ್ರೋಲ್ ಜಾಸ್ತಿ ಆಗಿದ್ರ 0.8, 0.9 ವೋಲ್ಟ್ ತನಕ ಏರ್ತದ, ಗಾಳಿ ಜಾಸ್ತಿ ಆಗಿದ್ರ 0.1ಕ್ಕ ಇಳೀತದ, ನಡು ಗೆರಿ 0.45. ಇಸಿಎಂ, ಅಂದ್ರ ಇಂಜಿನ್ ನಡಸೋ ಕಂಪ್ಯೂಟರ್, ಅದನ್ನ ನೋಡಿ ಪೆಟ್ರೋಲ್ ಬಿಡೋ ಇಂಜೆಕ್ಟರಿಗೆ ಜಾಸ್ತಿ ಬಿಡು ಕಡಿಮಿ ಬಿಡು ಅಂತ ಹೇಳ್ತಿರ್ತದ, ಗಾಡಿ ಬಿಸಿ ಇದ್ದಾಗ ಈ ಏರಿಳಿತ ಸೆಕೆಂಡಿಗೆ ಒಂದ್ ಸಲ ಆದ್ರೂ ನಡೀಬೇಕು. ಮುನ್ನೂರು ಡಿಗ್ರಿ ಮ್ಯಾಲೆ ಕಾಯ್ದ್ರೇ ಕೆಲಸ ಮಾಡ್ತದ, ಅದಕ್ಕೇ ಹೀಟರ್ ಕೊಟ್ಟಿರೋದು. ಈಗ ಆ ಪ್ಲಾಟಿನಂ ಮ್ಯಾಲಿನ ಸಣ್ಣ ಸಣ್ಣ ತೂತು ಬಂದ್ ಆದ್ವು ಅಂದ್ರ ಹೊಗಿ ಒಳಗ ಮುಟ್ಟೋದ್ರಾಗ ತಡಾ ಆಗ್ತದ, ಇಸಿಎಂ ಹಳೇ ಸುದ್ದಿ ಕೇಳ್ಕೋತ ಪೆಟ್ರೋಲ್ ಬಿಡ್ತದ. ನಿಮ್ಮ ಮೈಲೇಜ್ ಅಲ್ಲೇ ಹೋಗ್ಯಾದ.

ಬಿಚ್ಚೋದು ಹ್ಯಾಂಗಂದ್ರ ಇಂಜಿನ್ ಸೊಲ್ಪ ಬೆಚ್ಚಗ ಇದ್ದಾಗ, ಪೂರ್ತಿ ತಣ್ಣಗಿದ್ರ ಥ್ರೆಡ್ ಹಿಡ್ಕೊಂಡಿರ್ತದ, ಪೂರ್ತಿ ಬಿಸಿ ಇದ್ರ ಕೈ ಸುಡ್ತದ. 22ರ ಪಾನಾ ಬರ್ತದ, ವೈರ್ ಹೋಗ್ಲಿಕ್ಕೆ ಬಾಜೂಕ ಸೀಳಿದ ಸಾಕೆಟ್ ಸಿಗ್ತದ ಅದಿದ್ರ ಇನ್ನಾ ಛಲೋ. ಜಂಗ್ ಬಿಡ್ಸೋ ಎಣ್ಣಿ ಬುಡಕ್ಕಷ್ಟೇ ಹಚ್ಚಬೇಕು, ತುದಿಗೆ ಹೋಗ್ಬಾರ್ದು. ಹೊರಗ ಬಂದ ಮ್ಯಾಲೆ ತುದಿಗೆ ತೂತಿರೋ ಲೋಹದ ಟೊಪ್ಪಿಗಿ ಕಾಣ್ತದ, ಅದನ್ನ ಬಿಸಲಾಗ ಹಿಡಿದು ನೋಡ್ರಿ. ತೆಳ್ಳನ ಬೂದಿ ಬಣ್ಣ ಇಲ್ಲಾ ಕಂದು ಇದ್ರ ಆರಾಮ ಅದ. ಒಣಾ ಕರಿ, ಬೆರಳಿಗೆ ಹತ್ತೋಹಂಗ, ರೊಟ್ಟಿ ಹಂಚಿನ ತಳದ ಮಸಿ ಇದ್ದಂಗ ಇದ್ರ ಪೆಟ್ರೋಲ್ ಪೂರ್ತಿ ಸುಡವಲ್ದು ಅಂತ ಅರ್ಥ. ಕರಿ ಇದ್ದೂ ಜಿಡ್ಡು ಜಿಡ್ಡು ಆಗಿದ್ರ ಇಂಜಿನ್ ಆಯಿಲ್ ಸುಡ್ಲತ್ತದ, ಅದು ಬ್ಯಾರೆ ಕಥಿ, ಪಂಪ್‌ನವರಿಗೆ ಬೈದು ಉಪಯೋಗಿಲ್ಲ. ಬಿಳಿ ಪುಡಿ ಇಲ್ಲಾ ಬಿಳಿ ಹೊಳಪಿನ ಪದರು ಕುಂತಿದ್ರ ಸಿಲಿಕಾನ್, ಅದಕ್ಕ ಔಷಧ ಇಲ್ಲ. ಇಟ್ಟಂಗಿ ಥರ ಕೆಂಪಗಿದ್ರ ಯಾವ್ದೋ ಅಡಿಟಿವ್.

ಸೀಮೆಎಣ್ಣಿ ಬೆರಸಿದ ಪೆಟ್ರೋಲ್ ಮಾಡೋದು ಆ ಒಣಾ ಕರೀನೇ. ಸೀಮೆಎಣ್ಣಿ ಆವಿ ಆಗ್ಲಿಕ್ಕೆ ಜಾಸ್ತಿ ಕಾವು ಬೇಕು, ಸಿಲಿಂಡರ್ ಒಳಗ ಅಷ್ಟ್ ಟೈಮ್ ಸಿಗಲ್ಲ, ಅರಬರೆ ಸುಟ್ಟು ಮಸಿ ಆಗಿ ಹೊರಗ ಬರ್ತದ. ಆಕ್ಟೇನ್ (ಪೆಟ್ರೋಲ್ ಟೈಮಿಗಿಂತ ಮೊದಲ ತಾನೇ ಸಿಡೀಲಾರದಂಗ ತಡಿಯೋ ಗುಣ) ಕಡಿಮಿ ಆಗಿ ಏರಿ ಹತ್ತೋ ಮುಂದ ಟಕ ಟಕ ಸಪ್ಪಳಾನೂ ಬರ್ತದ. ನಿಮ್ದು ಆ ಸಪ್ಪಳ ಬರ್ತದೇನು ನೋಡ್ರಿ, ಅದನ್ನ ಬರದಿಲ್ಲ ನೀವು.

ಮಸಿ ಆಗಿದ್ರ ಸೆನ್ಸರ್ ಉಳೀಬಹುದು. ಛಲೋ ಪೆಟ್ರೋಲ್ ಹಾಕಿ ಹೈವೇದಾಗ ಒಂದೇ ಸ್ಪೀಡಿನಾಗ ಜರಾ ದೂರ ಓಡಿಸಿದ್ರ ಕಾವಿಗೆ ಸುಟ್ಟು ಹೋಗ್ತದ. ತೊಳೀಲಿಕ್ಕೆ ಹೋಗ್ಬ್ಯಾಡ್ರಿ, ಕಾರ್ಬ್ ಕ್ಲೀನರ್ ಬ್ಯಾಡ, ವೈರ್ ಬ್ರಶ್ ಅಂತೂ ಬ್ಯಾಡೇ ಬ್ಯಾಡ. ಪಾಯಖಾನಿ ತೊಳಿಯೋ ಆಸಿಡ್‌ದಾಗ ಅದ್ದಿ ತಗದ ಸೆನ್ಸರ್ ತಂದು "ಯಾಕ ನಡೀವಲ್ದು" ಅಂತ ಕೇಳಿದವ್ರೂ ಬಂದಾರ ನಮ್ಮಲ್ಲಿ. ಲೋಕಲ್ ಸೆನ್ಸರ್ ವಿಷಯ ಹೇಳ್ತೀನಿ, ಒಂದೂವರಿ ಸಾವಿರದ್ದು ಅಂದ್ರ ಕನೆಕ್ಟರ್ ಇಲ್ಲದ್ದು ಇರ್ತದ, ಹಳೇ ವೈರ್ ಕತ್ತರಿಸಿ ಜೋಡಿಸ್ತಾರ, ಭಾಳ ಮಂದಿ ಅಲ್ಲಿ ಸೋಲ್ಡರ್ ಮಾಡ್ತಾರ. ಭಾಳಷ್ಟು ಸೆನ್ಸರಿಗೆ ಒಳಗಿನ ಗಾಳಿ ಹೋಗೋದೇ ಆ ವೈರಿನ ಎಳಿ ನಡುವಿಂದ. ಸೋಲ್ಡರ್ ಹಾಕಿದ್ರ ಆ ದಾರಿ ಬಂದ್, ಹೊಸಾ ಸೆನ್ಸರೂ ಹೊಯ್ತು. ಕ್ರಿಂಪ್ ಮಾಡ್ಬೇಕು, ಇಲ್ಲಂದ್ರ ಕನೆಕ್ಟರ್ ಸಮೇತ ಇರೋದೇ ತಗೋಬೇಕು.


ಭೀಮಾ_ದಂಡಿ (ಯಾದಗಿರಿ)

ನಾ ಹಿಂದ ಪಂಪ್‌ದಾಗ ಮ್ಯಾನೇಜರ್ ಇದ್ದೆ, ಈಗ ಇಲ್ಲ, ಅದಕ್ಕ ಯಾರ್ ಪರಾನೂ ಮಾತಾಡಲ್ಲ. ಗಾಡಿಗೆ ಏನಾದ್ರೂ ಪಂಪ್‌ನವರೇ ಕಳ್ಳರು ಅನ್ನೋದು ಒಂದ್ ರೂಢಿ ಆಗ್ಯಾದ್ರಿ. ಸೈಲೆನ್ಸರ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೀಳಿದ್ರ ಹೊರಗಿನ ಗಾಳಿ ಒಳಗ ಎಳ್ಕೊಂಡು ಸೆನ್ಸರ್ ತಪ್ಪು ಹೇಳ್ತದ. ಪ್ಲಗ್ ಹಳೇದಾಗಿ ಪೆಟ್ರೋಲ್ ಹತ್ತಲಾರದ ಮಿಸ್‌ಫೈರ್ ಆದ್ರ ಸುಡಲಾರದ ಆಕ್ಸಿಜನ್ ಹೊರಗ ಬರ್ತದ, ಸೆನ್ಸರ್ ಅದನ್ನ ನೋಡಿ ಗಾಳಿ ಜಾಸ್ತಿ ಆಗ್ಯಾದ ಅಂತ ಸುದ್ದಿ ಕಳಸ್ತದ, ಇಸಿಎಂ ಇನ್ನಷ್ಟು ಪೆಟ್ರೋಲ್ ಸುರೀತದ, ಮಸಿ ಇನ್ನಷ್ಟು. ಇದ್ಯಾವ್ದಕ್ಕೂ ಪಂಪ್ ಸಂಬಂಧ ಇಲ್ಲ. ಮತ್ತ ವಾಡಿ, ಸೇಡಂ, ಮಳಖೇಡ ರೋಡಿನಾಗ ದಿನಾ ಓಡಾಡೋ ಗಾಡಿ ಇದ್ರ ಸಿಮೆಂಟ್ ಧೂಳಿಗೆ ಏರ್ ಫಿಲ್ಟರ್ ಬಂದ್ ಆಗಿ ಹಿಂಗ ಆಗ್ಯಾದ ಅಂತ ಯಾರಾದ್ರೂ ಹೇಳ್ತಾರ, ಅದೂ ಪೂರ್ತಿ ಖರೇ ಅಲ್ಲ, ಕಾರ್ಬುರೇಟರ್ ಕಾಲದ ಮಾತು ಅದು, ಈಗಿನ ಗಾಡ್ಯಾಗ ಒಳಗ ಬರೋ ಗಾಳಿ ಲೆಕ್ಕ ಹಾಕಿ ಪೆಟ್ರೋಲ್ ಬಿಡ್ತಾರ, ಫಿಲ್ಟರ್ ಬಂದ್ ಆದ್ರ ಪವರ್ ಕಡಿಮಿ ಆಗ್ತದ ಹೊರತು ಮಸಿ ಅಷ್ಟ್ ಬರಲ್ಲ.

ಹಂಗಂತ ಪಂಪ್‌ದಾಗ ಏನೂ ಆಗಂಗೇ ಇಲ್ಲ ಅಂತ ಹೇಳ್ಲತ್ತಿಲ್ಲ. ಬೆರಕಿ ಎಲ್ಲಿ ಬೇಕಾದ್ರೂ ಆಗಬಹುದು, ಟ್ಯಾಂಕರ್ ದಾರ್ಯಾಗ ನಿಂತಾಗ ಆಗಬಹುದು, ನೆಲದಾಗಿನ ಟ್ಯಾಂಕಿಗೆ ಮಳಿ ನೀರು ಇಳೀಬಹುದು. ಎಥನಾಲ್ ಇರೋ ಪೆಟ್ರೋಲಿಗೆ ನೀರು ಒಂದ್ ಹದ ದಾಟಿ ಸೇರಿದ್ರ ಎಥನಾಲ್ ನೀರಿನ ಜೋಡಿ ತಳಕ್ಕ ಹೋಗಿ ಕುಂದರ್ತದ, ಮ್ಯಾಲೆ ಆಕ್ಟೇನ್ ಇಳಿದ ಪೆಟ್ರೋಲ್ ಉಳೀತದ. ತಳದ್ದು ನಿಮ್ಮ ಗಾಡಿಗೆ ಬಂತಂದ್ರ ಪಂಪ್ ದಾಟಿ ಒಂದೆರಡು ಕಿಲೋಮೀಟರ್‌ದಾಗೇ ಜಟಕಾ ಹೊಡೀತದ, ತಿಂಗಳ ತನಕ ಕಾಯಲ್ಲ. ಅದಕ್ಕ ನಾ ನಿಮಗ ಕೇಳೋದು, ತಕರಾರ್ ಅವತ್ತೇ ಶುರು ಆಯ್ತೋ ನಿಧಾನ ಬಂತೋ?

ಪರೀಕ್ಷಾ ಮಾಡ್ಲಿಕ್ಕೆ ನಿಮ್ಮ ಹಕ್ಕು ಅದ. ಫಿಲ್ಟರ್ ಪೇಪರ್ ಕೇಳ್ರಿ, ಪಂಪ್‌ದಾಗ ಇಡ್ಲೇಬೇಕು. ನಾಜಲ್ ತುದಿ ಮೊದಲ ಒರಸಿ ಒಂದ್ ಹನಿ ಪೇಪರ್ ಮ್ಯಾಲೆ ಬಿಡ್ರಿ, ಎರಡು ನಿಮಿಷದಾಗ ಹಾರಿ ಹೋಗ್ಬೇಕು, ಕಲಿ ಉಳೀಬಾರ್ದು. ನಾಜಲ್ ಒರಸ್ಲಾರದ ಬಿಟ್ಟ್ರ ಅದರ ಹೊಲಸೇ ಕಲಿ ಆಗ್ತದ, ಸುಮ್ಕ ಜಗಳ. ಆದ್ರ ಈ ಪೇಪರ್ ಸೀಮೆಎಣ್ಣಿ, ಡೀಸೆಲ್ ಥರ ಭಾರ ಇರೋದನ್ನ ಹಿಡೀತದ, ಹಗುರ ಸಾಲ್ವೆಂಟ್ ಬೆರಸಿದ್ರ ಅದೂ ಪೆಟ್ರೋಲ್ ಜೋಡಿ ಹಾರಿ ಹೋಗ್ತದ, ಪೇಪರ್ ಬೆಳ್ಳಗೇ ಇರ್ತದ. ಡೆನ್ಸಿಟಿ ನೋಡೋದು ಅದಕ್ಕೇ. ಟ್ಯಾಂಕರ್ ಬಂದಾಗ ಚಲಾನ್‌ದಾಗ 15 ಡಿಗ್ರಿ ಲೆಕ್ಕದ ಡೆನ್ಸಿಟಿ ಬರದಿರ್ತದ, ಪಂಪ್‌ನಾಗಿನದು ಅದಕ್ಕೂ ಇದಕ್ಕೂ ಘನ ಮೀಟರಿಗೆ 3 ಕೆಜಿ ಮ್ಯಾಲೆ ಫರಕ್ ಬರಬಾರ್ದು. ಇಲ್ಲಿ ಒಂದ್ ಮಾತು ಲಕ್ಷಿಟ್ಟು ಕೇಳ್ರಿ. ನಮ್ಮ ಕಡಿ ಮೇ ತಿಂಗಳ ಬಿಸಲಾಗ ಪೆಟ್ರೋಲ್ 40 ಡಿಗ್ರಿ ಇತ್ತಂದ್ರ ಹೈಡ್ರೋಮೀಟರ್ ಓದಿದ್ದು ಚಲಾನ್‌ಗಿಂತ ಸುಮಾರು ಇಪ್ಪತ್ತು ಕೆಜಿ ಕಡಿಮಿ ತೋರ್ಸ್ತದ. ಬೆರಕಿ ಅಲ್ಲ ಅದು, ಕಾವಿಗೆ ಹಿಗ್ಗಿದ್ದು. ಟೇಬಲ್ ಹಿಡಿದು 15 ಡಿಗ್ರಿಗೆ ಇಳಿಸಿ ಆಮ್ಯಾಲ ಲೆಕ್ಕ ಮಾಡ್ಬೇಕು. ಇದು ತಿಳೀದ ವಿಡಿಯೋ ಮಾಡಿ ಹಾಕೋರು ಭಾಳ ಆಗ್ಯಾರ ಈಗ.


ಊರ್_ಬಿಟ್_ಹುಡುಗ (ಬೆಂಗಳೂರು, ಊರು ಆಳಂದ)

ಇ20 ಬಗ್ಗೆ ಯಾರೂ ಹೇಳ್ಲಿಲ್ಲ ಅದಕ್ಕೆ ಬರೀತಿದೀನಿ. ನಾನು ಗಾಡಿ ಪಾರ್ಟ್ಸ್ ಟೆಸ್ಟಿಂಗ್ ಕೆಲಸದಲ್ಲಿ ಇದೀನಿ, ಭಾಷೆ ಬೆಂಗಳೂರು ಆಗೋಗಿದೆ ಬೈಬೇಡಿ.

ಬರೀ ಪೆಟ್ರೋಲ್ ಪೂರ್ತಿ ಸುಡೋಕೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಬರೀ ಎಥನಾಲ್‌ಗೆ 9 ಸಾಕು, ಯಾಕಂದ್ರೆ ಅದರೊಳಗೇ ಆಕ್ಸಿಜನ್ ಇದೆ. ಇ10ಗೆ ಸುಮಾರು 14.1, ಇ20ಗೆ ಸುಮಾರು 13.5 ಆಗುತ್ತೆ. ಇ10ಗೆ ಅಂತ ಮಾಡಿರೋ ಗಾಡಿಗೆ ಇ20 ಹಾಕಿದ್ರೆ ಸೆನ್ಸರ್ ಗಾಳಿ ಜಾಸ್ತಿ ಇದೆ ಅನ್ನುತ್ತೆ, ಇಸಿಎಂ ನಾಲ್ಕೈದು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಮಾಡಿ ಸರಿ ಮಾಡ್ಕೊಳ್ಳುತ್ತೆ. ಅಂದ್ರೆ ಸೆನ್ಸರ್ ತನ್ನ ಕೆಲಸಾನೇ ಮಾಡ್ತಿದೆ. ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಎಂ ಪೆಟ್ರೋಲ್ ಎಷ್ಟು ಪರ್ಸೆಂಟ್ ಜಾಸ್ತಿ ಕಡಿಮೆ ಮಾಡ್ತಿದೆ ಅನ್ನೋ ಅಂಕಿ) ಪ್ಲಸ್ ಐದರ ಹತ್ರ ಇದ್ರೆ ಗಾಬರಿ ಬೇಡ, ಇಪ್ಪತ್ತರ ಮೇಲೆ ಹೋದ್ರೆ ಬೇರೆ ಏನೋ ಇದೆ. ಮೈಲೇಜ್ ಸ್ವಲ್ಪ ಇಳಿಯೋದು, ರಬ್ಬರ್ ಪೈಪ್ ಚರ್ಚೆ, ಅದೆಲ್ಲ ಬೇರೆ, ಆದ್ರೆ ಎಥನಾಲ್ ಸೆನ್ಸರ್‌ಗೆ ವಿಷ ಅಲ್ಲ. ಹದಿನೇಳರಿಂದ ಹನ್ನೆರಡಕ್ಕೆ ಬಿದ್ದಿರೋದನ್ನ ಇ20 ತಲೆಗೆ ಕಟ್ಟೋಕೆ ಆಗಲ್ಲ.

ನಿಜವಾದ ವಿಷ ಅಂದ್ರೆ ಸೀಸ, ಸಿಲಿಕಾನ್, ರಂಜಕ, ಮ್ಯಾಂಗನೀಸ್, ಕಬ್ಬಿಣ ಇಂಥವು. ಸೀಸ ಹಾಕಿದ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲೇ ನಿಂತುಹೋಯ್ತು, ಅದು ಪ್ಲಾಟಿನಂ ಜೊತೆ ಸೇರ್ಕೊಂಡು ಸೆನ್ಸರ್ ಮತ್ತೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಎರಡನ್ನೂ ಕೊಲ್ತಿತ್ತು. ರಂಜಕ ಬರೋದು ಇಂಜಿನ್ ಆಯಿಲ್‌ನಿಂದ. ಸಲ್ಫರ್ ಬಿಎಸ್4 ಪೆಟ್ರೋಲ್‌ನಲ್ಲಿ 50 ಪಿಪಿಎಂ ತನಕ ಇರಬಹುದಿತ್ತು, 2020 ಏಪ್ರಿಲ್‌ನಿಂದ ಇಡೀ ದೇಶಕ್ಕೆ ಬಿಎಸ್6 ಪೆಟ್ರೋಲ್ ಬಂದ್ಮೇಲೆ 10ಕ್ಕೆ ಇಳಿದಿದೆ. ಇಷ್ಟು ಕಡಿಮೆ ಇದ್ರೂ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ ಆದಾಗ ಕ್ಯಾಟಲಿಟಿಕ್‌ನಲ್ಲಿ ಸೇರಿರೋ ಸಲ್ಫರ್ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಗೆ ಬರುತ್ತೆ, ನಿಮ್ಮ ತತ್ತಿ ವಾಸನೆ ಅದೇ.

ಒಂದೇ ಟ್ಯಾಂಕ್‌ಗೆ ಸೆನ್ಸರ್ ಹೋಗುತ್ತಾ ಅಂತ ಕೇಳಿದ್ರಿ. ಹೋಗುತ್ತೆ, ಆಗಿರೋದೂ ಇದೆ. 2007ರ ಫೆಬ್ರವರಿ ಕೊನೆಯಲ್ಲಿ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಸಾವಿರಾರು ಗಾಡಿಗಳು ಒಟ್ಟಿಗೇ ಜರ್ಕ್ ಹೊಡೆಯೋಕೆ ಶುರು ಮಾಡಿದ್ವು, ಪವರ್ ಇಲ್ಲ, ವಾರ್ನಿಂಗ್ ಲೈಟ್, ಅಲ್ಲಿನ ಗ್ಯಾರೇಜ್‌ಗಳಲ್ಲಿ ಆಕ್ಸಿಜನ್ ಸೆನ್ಸರ್ ಸ್ಟಾಕೇ ಖಾಲಿ. ಮೊದಲು ಮಾಡಿದ ಮಾಮೂಲಿ ಟೆಸ್ಟ್‌ಗಳಲ್ಲಿ ಪೆಟ್ರೋಲ್ ಸರಿಯಾಗೇ ಇದೆ ಅಂತ ಬಂತು, ಯಾಕಂದ್ರೆ ಆ ಟೆಸ್ಟ್‌ನಲ್ಲಿ ಸಿಲಿಕಾನ್ ಹುಡುಕೋದೇ ಇಲ್ಲ. ಆಮೇಲೆ ಬೇರೆ ಥರ ನೋಡಿದಾಗ ಅನ್‌ಲೆಡೆಡ್ ಪೆಟ್ರೋಲ್‌ನಲ್ಲಿ ಸಿಲಿಕಾನ್ ಸಿಕ್ತು. ಸಿಲಿಕಾನ್ ಸಿಲಿಂಡರ್‌ನಲ್ಲಿ ಸುಟ್ಟು ಸಿಲಿಕಾ ಆಗುತ್ತೆ, ಮರಳಲ್ಲಿರೋದೇ ಅದು, ಸೆನ್ಸರ್ ತೂತುಗಳ ಮೇಲೆ ಗಾಜಿನ ಪದರ ಕೂತ್ಕೊಳ್ಳುತ್ತೆ. ಎಷ್ಟು ಕಾವು ಕೊಟ್ರೂ ಸುಡಲ್ಲ. ನೌಬಾದ್ ಅಣ್ಣ ಔಷಧ ಇಲ್ಲ ಅಂದಿದ್ದು ಅದಕ್ಕೇ.

ಆದ್ರೆ ಬಿಳಿ ಪದರ ಕಂಡ ತಕ್ಷಣ ಪಂಪ್‌ಗೆ ಓಡ್ಬೇಡಿ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್‌ಗೆ ಮೆತ್ತೋ ಮಾಮೂಲಿ ಸಿಲಿಕೋನ್ ಪೇಸ್ಟ್ ಇದೆಯಲ್ಲ, ವಿನೆಗರ್ ವಾಸನೆ ಬರುತ್ತೆ, ಅದು ಒಣಗುವಾಗ ಬಿಡೋ ಆವಿ ಇಂಜಿನ್ ಒಳಗಿನ ಗಾಳಿ ಜೊತೆ ಮತ್ತೆ ಇಂಟೇಕ್‌ಗೆ ಹೋಗಿ ಸುಟ್ಟು ಅದೇ ಸಿಲಿಕಾ ಆಗುತ್ತೆ. ನೋಡೋಕೆ ಎರಡೂ ಒಂದೇ. ಸೆನ್ಸರ್ ಸೇಫ್ ಅಂತ ಬರೆದಿರೋ ಪೇಸ್ಟ್ ಬೇರೆ ಸಿಗುತ್ತೆ, ಆದ್ರೆ ರೋಡ್ ಸೈಡ್ ಗ್ಯಾರೇಜ್‌ನಲ್ಲಿ ಯಾರು ಕೇಳ್ತಾರೆ. ನನ್ನ ಲೆಕ್ಕ ಏನಂದ್ರೆ ಅದೇ ಪಂಪ್‌ನಲ್ಲಿ ಹಾಕ್ಸಿದ ನಾಲ್ಕಾರು ಗಾಡಿಗೆ ಒಂದೇ ಸಮಯಕ್ಕೆ ಬಿಳಿ ಬಂದಿದ್ರೆ ಪೆಟ್ರೋಲ್, ನಿಮ್ಮ ಒಂದೇ ಗಾಡಿಗೆ ಬಂದಿದ್ರೆ ಇತ್ತೀಚೆಗೆ ಇಂಜಿನ್ ಯಾರು ಬಿಚ್ಚಿದ್ರು ಅಂತ ನೋಡಿ.


ಭಾಲ್ಕಿ_ಟ್ಯಾಕ್ಸಿ (ಬೀದರ್ ಜಿಲ್ಲಾ)

ಮ್ಯಾಲೆ ಅಡಿಟಿವ್ ಅಂತ ಬರದೀರಲ್ಲ ಅದು ಖರೇ ಅದ. ನಮ್ಮ ಸ್ಟ್ಯಾಂಡಿನಾಗ ಒಬ್ಬಾಂವ ಮೈಲೇಜ್ ಬರ್ತದ ಪಿಕಪ್ ಬರ್ತದ ಅಂತ ಪ್ರತಿ ಸಲ ಟ್ಯಾಂಕಿಗೆ ಒಂದ್ ಸಣ್ಣ ಬಾಟ್ಲಿ ಹಾಕ್ತಿದ್ದ, ಪಂಪ್‌ದಾಗ ಹುಡುಗ್ರು ಕಿಟಕ್ಯಾಗ ಹಿಡಿದು ತಗೋರಿ ತಗೋರಿ ಅಂತಾರಲ್ಲ ಆ ಥರದ್ದು. ಪ್ಲಗ್ ಬಿಚ್ಚಿದ್ರ ಕುಂಕುಮ ಹಚ್ಚಿದಂಗ ಕೆಂಪಗ ಆಗಿದ್ವು, ಸೆನ್ಸರೂ ಹಂಗೇ. ಪೆಟ್ರೋಲ್ ಛಲೋ ಇತ್ತು, ಬಾಟ್ಲಿನೇ ಖರಾಬ್ ಮಾಡಿತ್ತು. ಎಲ್ಲಾ ಬಾಟ್ಲಿ ಹಂಗ ಅಂತ ಅಲ್ಲ, ಆದ್ರ ಒಳಗ ಏನದ ಅಂತ ಬರೀಲಾರದ್ದು ಹಾಕೋದು ಯಾಕ? ಇದು ಯಾವ ಲೋಹದ್ದು ಅಂತ ಆ ಬೆಂಗಳೂರು ಅಣ್ಣಾವ್ರು ಹೇಳ್ಲಿ.


ಊರ್_ಬಿಟ್_ಹುಡುಗ

ಆಕ್ಟೇನ್ ಏರಿಸೋಕೆ ಹಾಕೋ ಕೆಲವು ಕೆಮಿಕಲ್‌ಗಳಲ್ಲಿ ಕಬ್ಬಿಣ ಇರುತ್ತೆ, ಫೆರೋಸೀನ್ ಅಂತ. ಕೆಲವದ್ರಲ್ಲಿ ಮ್ಯಾಂಗನೀಸ್, ಎಂಎಂಟಿ ಅಂತ. ಎರಡೂ ಸುಟ್ಟ ಮೇಲೆ ಕೆಂಪು, ಕಿತ್ತಳೆ, ಕಂದು ಪುಡಿ ಬಿಡ್ತವೆ, ಪ್ಲಗ್ ಮೇಲೆ ಕೂತ್ರೆ ಕರೆಂಟ್ ಲೀಕ್ ಆಗಿ ಮಿಸ್‌ಫೈರ್ ಬರುತ್ತೆ. ಕಂಪನಿಗಳು ಮಾಡೋ ಡಿಟರ್ಜೆಂಟ್ ಥರದ ಇಂಜೆಕ್ಟರ್ ಕ್ಲೀನರ್ ಬೇರೆ, ಅದರಲ್ಲಿ ಲೋಹ ಇರಲ್ಲ.


ಜೇವರ್ಗಿ_ಕ್ರಾಸ್

ಎಲ್ಲಾರ್ಗೂ ಭಾಳ ಧನ್ಯವಾದ್ರಿ. ನೌಬಾದ್ ಅಣ್ಣಾವ್ರು ಹೇಳ್ದಂಗ ಬ್ಯಾರೆ ಮಿಸ್ತ್ರಿ ಕಡಿ ಹೋಗಿ ಬಿಚ್ಚಿಸಿದೆ, ಕಪನೂರ್ ಕಡಿ ಒಬ್ರು ಹಿರೀ ಮನುಷ್ಯ ಅದಾರ, ಮಾತು ಕಡಿಮಿ, ಕೆಲಸ ಛಲೋ. ಮೊದಲ್ನೇ ಸೆನ್ಸರ್ ತುದಿ ಒಣಾ ಕರಿ, ಅರಬಿ ಒತ್ತಿದ್ರ ಮಸಿ ಪೂರಾ ಅರಬಿಗೆ ಬಂತು, ಜಿಡ್ಡಿಲ್ಲ, ಬಿಳಿ ಇಲ್ಲ. ಕ್ಯಾಟಲಿಟಿಕ್ ಹಿಂದ ಇರೋ ಎರಡ್ನೇ ಸೆನ್ಸರ್ ಬೂದಿ ಬಣ್ಣ. ಪ್ಲಗ್ ನಾಲ್ಕೂ ಕರಿ, ಎಲ್ಲಾ ಒಂದೇ ಸಮ. ಅದನ್ನ ನೋಡಿ ಅವ್ರು ಅಂದಿದ್ದು, ಒಂದೇ ಇಂಜೆಕ್ಟರ್ ಸೋರ್ಲತ್ತಿದ್ರ ಒಂದೇ ಪ್ಲಗ್ ಕರಿ ಇರ್ತಿತ್ತು, ನಾಲ್ಕೂ ಅಂದ್ರ ಟ್ಯಾಂಕಿಂದ ಬಂದದ್ದು ನೋಡ್ಬೇಕು ಅಂತ. ಭೀಮಾ ದಂಡಿ ಅಣ್ಣಾವ್ರ, ತಕರಾರ್ ನಿಧಾನ ಬಂತು, ಅವತ್ತೇ ಅಲ್ಲ, ಆದ್ರ ಏರಿ ಹತ್ತೋ ಮುಂದ ಟಕ ಟಕ ಸಪ್ಪಳ ಎರಡ್ನೇ ದಿನಕ್ಕೇ ಇತ್ತು, ನಾ ಟ್ಯಾಪೆಟ್ ಅಂದ್ಕೊಂಡಿದ್ದೆ.

ಟ್ಯಾಂಕ್‌ದಾಗ ಅರ್ಧಕ್ಕಿಂತ ಜಾಸ್ತಿ ಅದೇ ಪೆಟ್ರೋಲ್ ಉಳದಿತ್ತು ಯಾಕಂದ್ರ ಲೈಟ್ ಹತ್ತಿದ ಮ್ಯಾಲೆ ಗಾಡಿ ನಿಲ್ಸೇ ಇಟ್ಟಿದ್ದೆ. ಬ್ಯಾಟರಿ ಕಳಚಿ ಬಯಲಾಗ ಇಟ್ಟು ಇಳಿಸಿದ್ರು. ಒಂದ್ ಹನಿ ಫಿಲ್ಟರ್ ಪೇಪರ್ ಮ್ಯಾಲೆ ಬಿಟ್ವಿ, ಬಾಜೂಕ ನಾ ಯಾವಾಗ್ಲೂ ಹಾಕ್ಸೋ ರಿಂಗ್ ರೋಡ್ ಪಂಪ್ ಪೆಟ್ರೋಲ್ ಒಂದ್ ಹನಿ. ರಿಂಗ್ ರೋಡಿಂದು ನೋಡ್ ನೋಡೋದ್ರಾಗ ಹಾರಿ ಹೋಯ್ತು, ಪೇಪರ್ ಒಣಾ. ಇದು ನಡುವಿಂದು ಹಾರಿ ಅಂಚಿಗೆ ಜಿಡ್ಡಿನ ಒಂದ್ ಸುತ್ತು ಉಳೀತು, ಬೆಳಕಿಗೆ ಹಿಡದ್ರ ಆರಪಾರ ಕಾಣ್ತಿತ್ತು, ಚಾ ಕುಡದು ಬಂದ್ರೂ ಹಂಗೇ ಇತ್ತು.

ಹೊಸಾ ಪೆಟ್ರೋಲ್ ಹಾಕಿ ಪ್ಲಗ್ ಹೊಸವು ಹಾಕಿ ಅದೇ ಸೆನ್ಸರ್ ವಾಪಸ್ ಕೂಡ್ಸಿ ಆಳಂದ ದಾಟಿ ಉಮರ್ಗಾ ತನಕ ಒಂದೇ ಸಮ ಓಡ್ಸಿ ಬಂದೆ. ಈಗ ಸ್ಕ್ಯಾನರ್‌ದಾಗ ಗೆರಿ ಮ್ಯಾಲ ತಳಗ ಜಲ್ದಿ ಜಲ್ದಿ ಆಡ್ಲತ್ತದ, ಮೊದಲ ಮಲ್ಕೊಂಡಂಗ ಇತ್ತು. ಕೋಡ್ ತಗದ ಮ್ಯಾಲೆ ವಾಪಸ್ ಬಂದಿಲ್ಲ. ಸಪ್ಪಳ ಹೋಯ್ತು, ವಾಸನಿ ಇಲ್ಲ. ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 4 ತೋರ್ಸ್ಲತ್ತದ, ಅದು ಇ20 ಲೆಕ್ಕ ಅಂತ ತಿಳ್ಕೊಂಡೀನಿ. ಆರು ಸಾವಿರ ಉಳೀತು. ಇನ್ನ ಎರಡೇ ಪ್ರಶ್ನಿ. ಕ್ಯಾಟಲಿಟಿಕ್‌ಗೆ ಏನಾರ ಆಗಿರ್ತದೇನು? ಮತ್ತ ಇಳಿಸಿದ ಪೆಟ್ರೋಲ್ ಎರಡು ಲೀಟರ್ ಕ್ಯಾನ್‌ದಾಗ ಇಟ್ಟೀನಿ, ಬಿಲ್ಲೂ ಅದ, ಇದನ್ನ ಹಿಡ್ಕೊಂಡು ಕಂಪ್ಲೇಂಟ್ ಕೊಡ್ಬಹುದೇನು?


ನೌಬಾದ್_ಗ್ಯಾರೇಜ್

ಛಲೋ ಆಯ್ತು ಅಣ್ಣಾ. ಕ್ಯಾಟಲಿಟಿಕ್ ನೋಡ್ಲಿಕ್ಕೆ ಹಿಂದಿನ ಸೆನ್ಸರ್ ಗೆರಿ ನೋಡ್ರಿ. ಇಂಜಿನ್ ಬಿಸಿ ಇದ್ದಾಗ ಒಂದೇ ಆರ್‌ಪಿಎಂ ಹಿಡದ್ರ ಮುಂದಿಂದು ಕುಣೀಬೇಕು, ಹಿಂದಿಂದು ಹೆಚ್ಚುಕಮ್ಮಿ ನೆಟ್ಟಗ ನಿಂದ್ರಬೇಕು. ಹಿಂದಿಂದೂ ಮುಂದಿನ ಜೋಡಿ ಕುಣೀಲತ್ತಿದ್ರ ಕ್ಯಾಟಲಿಟಿಕ್ ಒಳಗ ಕೆಲಸ ನಡೀವಲ್ದು, ಸೊಲ್ಪ ದಿನದಾಗ ಪಿ0420 ಬರ್ತದ. ಮಿಸ್‌ಫೈರ್ ಜಾಸ್ತಿ ದಿನ ಓಡ್ಸಿದ್ರ ಹಸೀ ಪೆಟ್ರೋಲ್ ಅದರೊಳಗ ಹೋಗಿ ಸುಟ್ಟು ಜಾಳಗಿ ಕರಗ್ತದ, ನೀವು ಲೈಟ್ ಹತ್ತಿದ ಕೂಡ್ಲೇ ನಿಲ್ಸಿದ್ದಕ್ಕ ಬಚಾವ್ ಆಗಿರ್ತದ. ಸೆನ್ಸರಿಗಿಂತ ಅದೇ ತುಟ್ಟಿ ಸಾಮಾನು. ಮತ್ತ ಸೆನ್ಸರ್ ಥ್ರೆಡ್ಡಿಗೆ ಆಂಟಿ ಸೀಜ್ ಹಚ್ಚಿ ಕೂಡ್ಸ್ಯಾರೇನು ಕೇಳ್ರಿ, ಇಲ್ಲಂದ್ರ ಮುಂದಿನ ಸಲ ಬಿಚ್ಚೋ ಮುಂದ ಥ್ರೆಡ್ ಸಮೇತ ಬರ್ತದ.


ಭೀಮಾ_ದಂಡಿ

ಕ್ಯಾನ್‌ದಾಗಿನ ಪೆಟ್ರೋಲ್ ನಿಮ್ಮ ಸಮಾಧಾನಕ್ಕಷ್ಟೇ, ಅಧಿಕಾರಿಗಳು ಅದನ್ನ ಪುರಾವಿ ಅಂತ ಹಿಡಿಯಂಗಿಲ್ಲ, ಎಲ್ಲಿಂದ ತುಂಬಿದ್ರಿ ಏನ್ ಬೆರಸಿದ್ರಿ ಅಂತ ಪಂಪ್‌ನವರು ಕೇಳ್ತಾರ, ಅವ್ರು ಕೇಳೋದ್ರಾಗೂ ತಪ್ಪಿಲ್ಲ. ಪೆಟ್ರೋಲ್ ಡೀಸೆಲ್ ಬೆರಕಿಗೆ 2005ರ ಕೇಂದ್ರ ಆದೇಶ ಅದ, ಅಗತ್ಯ ವಸ್ತುಗಳ ಕಾಯ್ದೆ ಕೆಳಗ ಬರ್ತದ, ಅದರ ಪ್ರಕಾರ ಅಧಿಕಾರ ಇದ್ದವ್ರೇ ಪಂಪಿಗೆ ಹೋಗಿ ಸ್ಯಾಂಪಲ್ ತಗದು ಅಲ್ಯುಮಿನಿಯಂ ಡಬ್ಬಿಗೆ ಹಾಕಿ ಸೀಲ್ ಮಾಡಿ ಲ್ಯಾಬಿಗೆ ಕಳಸ್ಬೇಕು. ಅದಕ್ಕ ಮೊದಲ ಪಂಪ್‌ದಾಗ ಕಂಪ್ಲೇಂಟ್ ಪುಸ್ತಕ ಇರ್ತದ ಅದ್ರಾಗ ಬರೀರಿ, ಕೊಡಲ್ಲ ಅಂದ್ರ ಅಲ್ಲೇ ಬೋರ್ಡಿನಾಗ ಆಯಿಲ್ ಕಂಪನಿ ಸೇಲ್ಸ್ ಆಫೀಸರ್ ನಂಬರ್ ಹಾಕಿರ್ತಾರ ಅದಕ್ಕ ಹಚ್ಚ್ರಿ. ಜೋಡಿ ಜೋಡಿ ಆಹಾರ ಇಲಾಖಿ ಜಿಲ್ಲಾ ಆಫೀಸಿಗೆ ಒಂದ್ ಅರ್ಜಿ, ಬಿಲ್ ಝೆರಾಕ್ಸ್ ಹಚ್ಚಿ, ತಾರೀಖು ಟೈಮು ನಾಜಲ್ ನಂಬರ್ ಬರದು. ನಾಜಲ್ ನಂಬರ್ ಬಿಲ್‌ದಾಗೇ ಇರ್ತದ ನೋಡ್ರಿ. ಗಾಡಿ ರಿಪೇರಿ ಖರ್ಚು ಬೇಕಂದ್ರ 1915ಕ್ಕ ಫೋನ್ ಹಚ್ಚ್ರಿ, ಅದು ಗ್ರಾಹಕ ಸಹಾಯವಾಣಿ, ಅಲ್ಲಿ ಆಗಲಿಲ್ಲ ಅಂದ್ರ ಜಿಲ್ಲಾ ಗ್ರಾಹಕ ಆಯೋಗ. ಮಿಸ್ತ್ರಿ ಕಡಿಂದ ಪ್ಲಗ್, ಸೆನ್ಸರ್ ಹ್ಯಾಂಗಿತ್ತು ಅಂತ ಬರಸ್ಕೊಂಡು ಸಹಿ ಹಾಕಿಸ್ರಿ, ಫೋಟೋ ಇದ್ರ ತಾರೀಖ್ ಕಾಣೋಹಂಗ ಇಡ್ರಿ.

ಜಲ್ದಿ ಮಾಡ್ರಿ ಮತ್ತ. ಓಡೋ ಪಂಪ್ ಇದ್ರ ಎರಡ್ ಮೂರ್ ದಿನಕ್ಕ ಟ್ಯಾಂಕ್ ಖಾಲಿ ಆಗಿ ಹೊಸಾ ಲೋಡ್ ಬೀಳ್ತದ, ನಿಮ್ದು ತಿಂಗಳಾಯ್ತು, ಆವಾಗಿಂದು ಈಗ ಸಿಗಲ್ಲ. ಆದ್ರೂ ಕೊಡ್ರಿ, ನಿಮ್ಮಂಗ ಇನ್ನಾ ನಾಕ್ ಮಂದಿ ಕೊಟ್ಟಿದ್ರ ಅಧಿಕಾರಿಗಳು ಹೇಳಲಾರದೇ ಬಂದು ಸ್ಯಾಂಪಲ್ ಎತ್ತತಾರ. ಕ್ಯಾನ್ ಮಾತ್ರ ಮನ್ಯಾಗ ಇಡಬ್ಯಾಡ್ರಿ, ಈ ಬಿಸಲಾಗ ಪ್ಲಾಸ್ಟಿಕ್ ಉಬ್ಬತದ.